ಮಾನಿಟರ್ ಬಣ್ಣ ಕೆಟ್ಟಿದೆಯಾ? ಕ್ಯಾಲಿಬ್ರೇಟ್ ಮಾಡುವ ಮುಂಚೆ ಇವನ್ನು ನೋಡಿ

ಒಂದು ರಾತ್ರಿ ಕೂತು ನಲವತ್ತು ಫೋಟೋ ತಿದ್ದಿದ್ದೆ. ಮುಖಗಳೆಲ್ಲ ಯಾಕೋ ಹಳದಿ ಕಂಡವು. ಸರಿ, ಒಂದೊಂದನ್ನೂ ನೀಲಿ ಕಡೆಗೆ ಎಳೆದೆ. ಬೆಳಿಗ್ಗೆ ತೆರೆದು ನೋಡಿದರೆ ಎಲ್ಲರೂ ತಣ್ಣೀರಲ್ಲಿ ಮುಳುಗಿ ಎದ್ದವರ ಹಾಗಿದ್ದಾರೆ. ಮಾನಿಟರ್ ಕೆಟ್ಟಿರಲಿಲ್ಲ. ರಾತ್ರಿ ಹೊತ್ತು ಪರದೆಯನ್ನು ತಾನಾಗಿ ಹಳದಿ ಮಾಡುವ ನೈಟ್ ಲೈಟ್ ಆನ್ ಆಗಿತ್ತು, ಅಷ್ಟೇ. ಅದರ ಹಿಂದಿನ ವಾರವಷ್ಟೇ ಬಣ್ಣ ಅಳೆಯುವ ಮೀಟರ್ ಇಟ್ಟು ಮಾನಿಟರನ್ನು ಕ್ಯಾಲಿಬ್ರೇಟ್ ಮಾಡಿದ್ದೆ ಬೇರೆ, ಅಂದರೆ ಅದರ ಬಣ್ಣಗಳನ್ನು ಸರಿಯಾದ ಅಳತೆಗೆ ಹೊಂದಿಸಿದ್ದೆ!

ಅಂದಿನಿಂದ ಕ್ಯಾಲಿಬ್ರೇಶನ್ನನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಕೇಬಲ್ಲಿನಲ್ಲೋ ಸೆಟ್ಟಿಂಗಿನಲ್ಲೋ ತಪ್ಪು ಇಟ್ಟುಕೊಂಡು ಕ್ಯಾಲಿಬ್ರೇಟ್ ಮಾಡಿದರೆ, ತೇವ ಹಿಡಿದ ಗೋಡೆಗೆ ಸುಣ್ಣ ಹೊಡೆದ ಹಾಗೆ. ನಾಲ್ಕು ದಿನ ಚೆನ್ನಾಗಿ ಕಾಣುತ್ತದೆ, ಆಮೇಲೆ ಕಲೆ ಮತ್ತೆ ಏಳುತ್ತದೆ. ಅದಕ್ಕೇ ಕೆಳಗೆ ಎಲ್ಲವನ್ನೂ ಕಣ್ಣಿಗೆ ಕಾಣುವ ಲಕ್ಷಣದಿಂದ ಶುರು ಮಾಡಿದ್ದೇನೆ. ನಿಮ್ಮ ಲಕ್ಷಣ ಯಾವುದೋ ಅಲ್ಲಿಗೆ ನೇರ ಹೋಗಿ. ಆದರೆ ಮೊದಲಿನ ಎರಡು ಪರೀಕ್ಷೆಗಳನ್ನು ಮಾತ್ರ ಎಲ್ಲರೂ ಮಾಡಿ.

ತಪ್ಪು ಎಲ್ಲಿದೆ? ಖರ್ಚಿಲ್ಲದ ಎರಡು ಪರೀಕ್ಷೆ

ಮೊದಲನೆಯದು, ಮಾನಿಟರ್‌ನ ಬಟನ್ ಒತ್ತಿ ಅದರದ್ದೇ ಮೆನು ತೆರೆಯಿರಿ. ಈ ಮೆನುವನ್ನು ಕಂಪ್ಯೂಟರ್ ಕಳಿಸುವುದಿಲ್ಲ, ಮಾನಿಟರ್ ಒಳಗೇ ತಯಾರಾಗುತ್ತದೆ. ಮೆನುವಿನ ಬಿಳಿ ಅಕ್ಷರಗಳೂ ಹಳದಿಯಾಗಿಯೋ ಹಸಿರಾಗಿಯೋ ಇದ್ದರೆ ತಪ್ಪು ಮಾನಿಟರ್‌ನಲ್ಲಿದೆ. ಅದರ ಸೆಟ್ಟಿಂಗ್ ಇರಬಹುದು, ಚಿತ್ರ ಮೂಡಿಸುವ ಹಲಗೆ, ಅಂದರೆ ಪ್ಯಾನೆಲ್ ಇರಬಹುದು. ಮೆನು ಶುದ್ಧ ಬಿಳಿಯಾಗಿದ್ದು ಹಿಂದಿನ ಚಿತ್ರ ಮಾತ್ರ ಕೆಟ್ಟಿದ್ದರೆ ಕೇಬಲ್ ಅಥವಾ ಕಂಪ್ಯೂಟರ್ ಕಡೆ ನೋಡಿ.

ಎರಡನೆಯದು ಸ್ಕ್ರೀನ್‌ಶಾಟ್. ಪರದೆ ವಿಚಿತ್ರವಾಗಿ ಕಾಣುವಾಗಲೇ ಒಂದು ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ. ಫೋನಿನಲ್ಲೂ ಬಣ್ಣ ತಪ್ಪಾಗಿದ್ದರೆ ಆ ಆಪ್ ಅಥವಾ ಆ ಫೈಲೇ ತಪ್ಪು. ಫೋನಿನಲ್ಲಿ ಸರಿ ಇದ್ದರೆ ತಪ್ಪು ಅದಕ್ಕಿಂತ ಮುಂದೆ ಎಲ್ಲೋ ಆಗುತ್ತಿದೆ, ಅಂದರೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್, ಕೇಬಲ್ ಅಥವಾ ಮಾನಿಟರ್‌ನಲ್ಲಿ. ಮಾನಿಟರನ್ನು ಫೋನ್ ಕ್ಯಾಮೆರಾದಲ್ಲಿ ಹಿಡಿದು ಕಳಿಸಬೇಡಿ. ಕ್ಯಾಮೆರಾ ತನ್ನ ಲೆಕ್ಕದಲ್ಲಿ ಬಿಳಿಯನ್ನು ಸರಿ ಮಾಡಿಬಿಡುತ್ತದೆ, ಆ ಫೋಟೋದಿಂದ ಏನೂ ಗೊತ್ತಾಗುವುದಿಲ್ಲ.

ಇಡೀ ಪರದೆ ಹಳದಿ, ಕೆಂಪು ಅಥವಾ ನೀಲಿ ಕಡೆಗೆ ವಾಲಿದೆ

ಮೊದಲ ಅನುಮಾನ ನನಗೆ ಆದದ್ದೇ. ವಿಂಡೋಸ್‌ನಲ್ಲಿ ನೈಟ್ ಲೈಟ್, ಮ್ಯಾಕ್‌ನಲ್ಲಿ ನೈಟ್ ಶಿಫ್ಟ್. ಎರಡನ್ನೂ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ಹೊಸ ಮ್ಯಾಕ್‌ಗಳಲ್ಲಿ ಟ್ರೂ ಟೋನ್ ಅಂತಲೂ ಒಂದಿದೆ. ಕೋಣೆಯ ಬೆಳಕು ನೋಡಿಕೊಂಡು ಅದು ಬಿಳಿಯನ್ನು ಬದಲಿಸುತ್ತದೆ. ಓದುವುದಕ್ಕೆ ಹಿತ, ಬಣ್ಣದ ಕೆಲಸಕ್ಕೆ ಶತ್ರು. ಆಮೇಲೆ ಮಾನಿಟರ್ ಮೆನುವಿಗೆ ಹೋಗಿ. ರೀಡಿಂಗ್, ಲೋ ಬ್ಲೂ ಲೈಟ್, ಗೇಮ್, ಮೂವಿ ಎಂಬ ಮೋಡ್‌ಗಳಲ್ಲಿ ಯಾವುದಾದರೂ ಕೂತಿದೆಯಾ ನೋಡಿ. ಸಂಶಯ ಇದ್ದರೆ ಫ್ಯಾಕ್ಟರಿ ರೀಸೆಟ್ ಕೊಡಿ. ಎರಡು ನಿಮಿಷದ ಕೆಲಸ.

ಇಷ್ಟಾದ ಮೇಲೂ ನೀಲಿ ಜಾಸ್ತಿ ಅನಿಸಿದರೆ ಕಲರ್ ಟೆಂಪರೇಚರ್ ನೋಡಿ, ಅಂದರೆ ಬಿಳಿ ಎಷ್ಟು ಹಳದಿ ಅಥವಾ ನೀಲಿ ಕಡೆಗಿದೆ ಎಂಬ ಅಳತೆ. ಬಿಳಿಗೆ ಎಲ್ಲರೂ ಒಪ್ಪಿರುವ ಗುರುತು ಡಿ65, ಅಂದರೆ ಸುಮಾರು 6500 ಕೆಲ್ವಿನ್. 9300 ಇದ್ದರೆ ನೀಲಿ ಹೊಡೆಯುತ್ತದೆ, 5000 ಇದ್ದರೆ ಹಳದಿ. ಮೆನುವಿನಲ್ಲಿ 6500 ಎಂದು ಬರೆದಿದ್ದ ಮಾತ್ರಕ್ಕೆ ಪರದೆಯ ಮೇಲೆ ನಿಜಕ್ಕೂ 6500 ಬರುತ್ತದೆ ಅಂತಿಲ್ಲ. ಆದರೂ ಶುರು ಮಾಡಲು ಅದೇ ಒಳ್ಳೆಯ ಜಾಗ.

ಇನ್ನೂ ತಿದ್ದಬೇಕು ಅನಿಸಿದರೆ ಯೂಸರ್ ಮೋಡ್‌ನಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಗುಂಡಿ ಇರುತ್ತದೆ. ಇಲ್ಲಿ ಜಾಸ್ತಿ ಇರುವುದನ್ನು ಇಳಿಸಿ, ಕಡಿಮೆ ಇರುವುದನ್ನು ಏರಿಸಬೇಡಿ. ಏರಿಸಿದರೆ ತಿಳಿ ಬಣ್ಣಗಳೆಲ್ಲ ತುದಿ ಮುಟ್ಟಿ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ.

ಇಲ್ಲೊಂದು ಮೋಸ ಇದೆ. ಕಣ್ಣು ಬೇಗ ಒಗ್ಗಿಹೋಗುತ್ತದೆ. ಹಳದಿ ಪರದೆಯ ಮುಂದೆ ಹತ್ತು ನಿಮಿಷ ಕೂತರೆ ಹಳದಿಯೇ ಬಿಳಿ, ಆಗ ಸರಿಯಾದ ಬಿಳಿ ನೀಲಿಯಾಗಿ ಕಾಣುತ್ತದೆ. ಹಾಗಾಗಿ ಪ್ರತಿ ಬದಲಾವಣೆ ಆದ ಮೇಲೆ ಸ್ವಲ್ಪ ಹೊತ್ತು ಎದ್ದು ಓಡಾಡಿ ಬಂದು ಆಮೇಲೆ ತೀರ್ಪು ಕೊಡಿ. ಕೋಣೆಯ ದೀಪ ಹಳದಿಯಾಗಿದ್ದರೆ, ಹಿಂದಿನ ಗೋಡೆ ಗಾಢ ಬಣ್ಣದ್ದಾಗಿದ್ದರೆ ಅದೂ ಕಣ್ಣಿನ ಲೆಕ್ಕ ತಪ್ಪಿಸುತ್ತದೆ.

ಒಂದು ಬಣ್ಣವೇ ಮಾಯ

ಬಿಳಿ ಇರಬೇಕಾದಲ್ಲಿ ತಿಳಿನೀಲಿ, ಗುಲಾಬಿ ಅಥವಾ ಗಾಢ ಹಳದಿ ಕಾಣುತ್ತದೆ. ಹಳೆಯ ವಿಜಿಎ ಕೇಬಲ್ ಇದ್ದರೆ ಬಹುತೇಕ ಅದೇ ಕಳ್ಳ. ವಿಜಿಎಯಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ಒಂದೊಂದು ಪಿನ್. ಕೆಂಪಿನ ಪಿನ್ ಕೈಕೊಟ್ಟರೆ ಬಿಳಿ ತಿಳಿನೀಲಿ ಆಗುತ್ತದೆ, ಹಸಿರು ಹೋದರೆ ಗುಲಾಬಿ, ನೀಲಿ ಹೋದರೆ ಹಳದಿ. ಕಂಪ್ಯೂಟರ್, ಮಾನಿಟರ್ ಎರಡನ್ನೂ ಆಫ್ ಮಾಡಿ, ಕೇಬಲ್ ಬಿಚ್ಚಿ, ಪಿನ್ ಬಗ್ಗಿದೆಯಾ ನೋಡಿ, ಸರಿಯಾಗಿ ಕೂರಿಸಿ ಸ್ಕ್ರೂ ಬಿಗಿ ಮಾಡಿ. ಕೇಬಲನ್ನು ಅಲುಗಾಡಿಸಿದಾಗ ಬಣ್ಣ ಬಂದು ಹೋಗಿ ಮಾಡಿದರೆ ಕೇಬಲ್ ಬದಲಿಸಿ. ಬಗ್ಗಿದ ಪಿನ್ನನ್ನು ಜೋರಾಗಿ ತಿರುಗಿಸಲು ಹೋಗಬೇಡಿ, ಮುರಿದೇ ಹೋಗುತ್ತದೆ.

ಕಪ್ಪು ಬೂದಿಯ ಹಾಗಿದೆ, ಅಥವಾ ನೆರಳಲ್ಲಿ ಏನೂ ಕಾಣುತ್ತಿಲ್ಲ

ಇದು ಕ್ಯಾಲಿಬ್ರೇಶನ್ ಸಮಸ್ಯೆ ಅಂತ ಜನ ತಪ್ಪು ತಿಳಿಯುವುದು ಜಾಸ್ತಿ. ನಿಜವಾಗಿ ಇದು ಎಚ್‌ಡಿಎಂಐನಲ್ಲಿ ಕೇಬಲ್ಲಿನ ಎರಡು ತುದಿಯ ಕಂಪ್ಯೂಟರ್, ಮಾನಿಟರ್ ಬೇರೆ ಬೇರೆ ಅಳತೆಗೋಲಲ್ಲಿ ಮಾತಾಡುವ ಕಥೆ.

ಕಂಪ್ಯೂಟರ್ ಲೋಕದಲ್ಲಿ ಕಪ್ಪು ಅಂದರೆ 0, ಬಿಳಿ ಅಂದರೆ 255. ಇದಕ್ಕೆ ಫುಲ್ ರೇಂಜ್ ಅನ್ನುತ್ತಾರೆ. ಟಿವಿ ಲೋಕದಲ್ಲಿ ಕಪ್ಪು 16, ಬಿಳಿ 235. ಇದು ಲಿಮಿಟೆಡ್ ರೇಂಜ್. ಮಾನಿಟರನ್ನು ಟಿವಿ ಅಂದುಕೊಂಡು ಕಂಪ್ಯೂಟರ್ 16ರಿಂದ 235 ಮಾತ್ರ ಕಳಿಸಿತು ಅನ್ನಿ. ಮಾನಿಟರ್ ಅದನ್ನು ಇದ್ದದ್ದು ಇದ್ದ ಹಾಗೆ ತೋರಿಸುತ್ತದೆ. ಕಪ್ಪು ಬೂದಿಯಾಗುತ್ತದೆ, ಬಿಳಿ ಮಂಕಾಗುತ್ತದೆ, ಇಡೀ ಚಿತ್ರಕ್ಕೆ ಮಂಜು ಕವಿದ ಹಾಗೆ. ಉಲ್ಟಾ ಆದರೆ, ಅಂದರೆ ಕಂಪ್ಯೂಟರ್ ಫುಲ್ ಕಳಿಸಿ ಮಾನಿಟರ್ ಲಿಮಿಟೆಡ್ ಅಂತ ಓದಿಕೊಂಡರೆ, 16ಕ್ಕಿಂತ ಕೆಳಗಿನದೆಲ್ಲ ಒಂದೇ ಕಪ್ಪು. ಕಪ್ಪು ಕೂದಲಿನ ಎಳೆ, ಕೋಟಿನ ಮಡಿಕೆ ಎಲ್ಲ ನುಂಗಿಹೋಗುತ್ತದೆ.

ಪರೀಕ್ಷೆಯನ್ನು ನೀವೇ ತಯಾರಿಸಿಕೊಳ್ಳಬಹುದು. ಯಾವುದಾದರೂ ಚಿತ್ರ ತಿದ್ದುವ ಆಪ್‌ನಲ್ಲಿ ಪೂರ್ತಿ ಕಪ್ಪು ಹಿನ್ನೆಲೆಯ ಮೇಲೆ 5, 10, 15, 20, 25 ಬೆಲೆಯ ಬೂದು ಚೌಕಗಳನ್ನು ಹಾಕಿ. ಕೆಂಪು, ಹಸಿರು, ನೀಲಿ ಮೂರಕ್ಕೂ ಒಂದೇ ಬೆಲೆ ಕೊಡಬೇಕು. ಕೋಣೆ ಸ್ವಲ್ಪ ಕತ್ತಲೆ ಮಾಡಿ ನೋಡಿ. ಒಳ್ಳೆಯ ಪರದೆಯಲ್ಲಿ 10 ಗೊತ್ತಾಗುತ್ತದೆ, 5 ಕಂಡೂ ಕಾಣದ ಹಾಗೆ ಇರುತ್ತದೆ. 15ರವರೆಗೆ ಎಲ್ಲ ಕಪ್ಪಾಗಿ, 20ರಿಂದ ಮಾತ್ರ ಕಂಡರೆ ರೇಂಜ್ ತಪ್ಪಿದೆ. ಬಿಳಿ ಹಿನ್ನೆಲೆಯ ಮೇಲೆ 250, 245, 240 ಹಾಕಿಯೂ ನೋಡಿ.

ಸರಿ ಮಾಡುವುದು ಸುಲಭ. ಗ್ರಾಫಿಕ್ಸ್ ಕಾರ್ಡ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಔಟ್‌ಪುಟ್ ಡೈನಾಮಿಕ್ ರೇಂಜ್ ಅಥವಾ ಪಿಕ್ಸೆಲ್ ಫಾರ್ಮ್ಯಾಟ್ ಎಂಬ ಆಯ್ಕೆ ಇರುತ್ತದೆ. ಅದನ್ನು ಆರ್‌ಜಿಬಿ ಫುಲ್ ಮಾಡಿ. ಮಾನಿಟರ್ ಮೆನುವಿನಲ್ಲಿ ಬ್ಲಾಕ್ ಲೆವೆಲ್ ಅಥವಾ ಆರ್‌ಜಿಬಿ ರೇಂಜ್ ಅಂತ ಇರುವುದನ್ನೂ ಅದಕ್ಕೆ ಹೊಂದಿಸಿ. ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ಕೇಬಲ್ ಜಾಗ ಇದ್ದರೆ ಅದರಲ್ಲಿ ಹಾಕಿ ನೋಡಿ, ಈ ತಂಟೆ ಅಲ್ಲಿ ಕಡಿಮೆ. ಬಣ್ಣದ ಅಕ್ಷರಗಳ ಅಂಚು ಕದಡಿದ ಹಾಗೆ ಕಂಡರೆ ಸಿಗ್ನಲ್ ಆರ್‌ಜಿಬಿ ಬದಲು ಬಣ್ಣದ ವಿವರ ಕಡಿಮೆ ಮಾಡಿ ಕಳಿಸುವ 4:2:2 ಅಥವಾ 4:2:0ರಲ್ಲಿ ಹೋಗುತ್ತಿರಬಹುದು. ಅದನ್ನೂ ಅಲ್ಲೇ ಬದಲಿಸಬಹುದು.

ವಿಂಡೋಸ್‌ನಲ್ಲಿ ಎಚ್‌ಡಿಆರ್ (ಬೆಳಕು ನೆರಳಿನ ಅಂತರ ಹೆಚ್ಚಿಸಿ ತೋರಿಸುವ ಮೋಡ್) ಆನ್ ಇದ್ದಾಗಲೂ ಮಾಮೂಲಿ ಆಪ್‌ಗಳು ಸಪ್ಪೆಯಾಗಿ ಕಾಣಬಹುದು. ಎಚ್‌ಡಿಆರ್ ಸಿನಿಮಾ ನೋಡುವಾಗ ಮಾತ್ರ ಆನ್ ಇಟ್ಟುಕೊಂಡು, ಫೋಟೋ ಕೆಲಸಕ್ಕೆ ಆಫ್ ಮಾಡಿ.

ನಡುವಿನ ಬಣ್ಣಗಳು ತೀರ ಕಪ್ಪು ಅಥವಾ ತೀರ ತಿಳಿ

ಕಪ್ಪು ಸರಿ, ಬಿಳಿ ಸರಿ, ಮಧ್ಯದ್ದು ಮಾತ್ರ ಎಡವಟ್ಟು ಅಂದರೆ ಗಾಮಾ ನೋಡಬೇಕು. ಕಪ್ಪು ಬಿಳಿಗಳ ನಡುವಿನ ಬೆಲೆಗಳು ಎಷ್ಟು ಬೆಳಕಾಗಿ ಕಾಣಬೇಕು ಎಂಬ ಲೆಕ್ಕ ಅದು. ಮೀಟರ್ ಇಲ್ಲದೆ ಇದನ್ನು ಪರೀಕ್ಷಿಸುವ ಒಂದು ಚೆಂದದ ಉಪಾಯ ಇದೆ. ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ, ಹೀಗೆ ಅಡ್ಡ ಗೆರೆಗಳನ್ನು ತುಂಬಿದ ಒಂದು ಚೌಕ ಮಾಡಿ. ಅದರ ನಡುವೆ 187 ಬೆಲೆಯ ಬೂದು ಚೌಕ ಇಡಿ. ಮಾನಿಟರ್ ತನ್ನ ಸಹಜ ರೆಸಲ್ಯೂಶನ್‌ನಲ್ಲಿರಲಿ, ಚಿತ್ರ 100 ಪರ್ಸೆಂಟ್ ಝೂಮ್‌ನಲ್ಲಿರಲಿ, ವಿಂಡೋಸ್ ಸ್ಕೇಲಿಂಗ್ ಕೂಡ 100 ಇರಲಿ. ಈಗ ನಾಲ್ಕು ಹೆಜ್ಜೆ ಹಿಂದೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿ.

ಗೆರೆಗಳ ಬೆಳಕು ಅರ್ಧಕ್ಕೆ ಅರ್ಧ. ಗಾಮಾ 2.2 ಇದ್ದಾಗ ಆ ಅರ್ಧ ಬೆಳಕನ್ನು ಕೊಡುವ ಬೂದು ಹೆಚ್ಚು ಕಡಿಮೆ 187, ಎಲ್ಲರೂ ಅಂದುಕೊಳ್ಳುವ ಹಾಗೆ 128 ಅಲ್ಲ. ಎರಡೂ ಒಂದೇ ಆಗಿ ಬೆರೆತರೆ ಗಾಮಾ ಸರಿ ಇದೆ. ಬೂದು ಚೌಕ ಗೆರೆಗಳಿಗಿಂತ ಕಪ್ಪಾಗಿ ಎದ್ದು ಕಂಡರೆ ಗಾಮಾ ಜಾಸ್ತಿ, ತಿಳಿಯಾಗಿ ಕಂಡರೆ ಕಡಿಮೆ. ಮಾನಿಟರ್ ಮೆನುವಿನಲ್ಲಿ 1.8, 2.0, 2.2, 2.4 ಎಂಬ ಆಯ್ಕೆಗಳು ಇರುತ್ತವೆ. ಒಂದೊಂದಾಗಿ ಹಾಕಿ ನೋಡಿ.

ತಲೆ ಆಚೀಚೆ ಅಲ್ಲಾಡಿಸಿದರೆ ಚೌಕದ ಬಣ್ಣ ಬದಲಾಗುತ್ತದಾ? ಹಾಗಿದ್ದರೆ ಅದು ಪ್ಯಾನೆಲ್ ಗುಣ. ಟಿಎನ್ ಪ್ಯಾನೆಲ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ನೋಡಿದರೆ ಬಣ್ಣವೇ ತಿರುಗುತ್ತದೆ, ವಿಎ ಪ್ಯಾನೆಲ್‌ನಲ್ಲಿ ಓರೆಯಿಂದ ನೋಡಿದರೆ ನೆರಳುಗಳು ತಿಳಿಯಾಗುತ್ತವೆ. ಇದನ್ನು ಯಾವ ಕ್ಯಾಲಿಬ್ರೇಶನ್ನೂ ಸರಿ ಮಾಡುವುದಿಲ್ಲ. ನೇರ ಎದುರಿಗೆ ಕೂರಿ, ಅಷ್ಟೇ ದಾರಿ.

ಕೆಂಪು ಕಣ್ಣಿಗೆ ಹೊಡೆಯುತ್ತದೆ, ಒಂದು ಆಪ್‌ನಲ್ಲಿ ಒಂದು ಥರ ಇನ್ನೊಂದರಲ್ಲಿ ಇನ್ನೊಂದು ಥರ

ಹೊಸ ವೈಡ್ ಗ್ಯಾಮಟ್ ಮಾನಿಟರ್, ಅಂದರೆ ಮಾಮೂಲಿಗಿಂತ ಗಾಢ ಬಣ್ಣ ತೋರಿಸಬಲ್ಲ ಮಾನಿಟರ್ ತಂದವರ ದೂರು ಇದು. ಟೊಮೆಟೊ ಉರಿಯುತ್ತದೆ, ಮುಖಗಳೆಲ್ಲ ಬಿಸಿಲಲ್ಲಿ ಸುಟ್ಟ ಹಾಗೆ. ಮಾನಿಟರ್ ಕೆಟ್ಟಿಲ್ಲ, ಅದಕ್ಕೆ ಶಕ್ತಿ ಜಾಸ್ತಿ.

ನಾವು ನೋಡುವ ಬಹುಪಾಲು ಚಿತ್ರಗಳು ಎಸ್‌ಆರ್‌ಜಿಬಿ ಲೆಕ್ಕದಲ್ಲಿ ಇರುತ್ತವೆ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಮುಂದಿಟ್ಟ ಲೆಕ್ಕ ಅದು, 1999ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಆಯಿತು. ಅಂದಿನ ಡಬ್ಬಿ ಮಾನಿಟರ್‌ಗಳು ತೋರಿಸಬಲ್ಲ ಬಣ್ಣಗಳನ್ನು ನೋಡಿ ಮಾಡಿದ್ದು. ಅದರಲ್ಲಿ ಕೆಂಪು 255 ಅಂದರೆ ಆ ಕಾಲದ ಕೆಂಪು. ಮಾನಿಟರ್ ಯಾವ ಬಣ್ಣವನ್ನು ಹೇಗೆ ತೋರಿಸುತ್ತದೆ ಎಂದು ಬರೆದ ಫೈಲಿಗೆ ಪ್ರೊಫೈಲ್ ಅನ್ನುತ್ತಾರೆ. ಪ್ರೊಫೈಲ್ ನೋಡದ ಆಪ್ ಆ 255ನ್ನು ನೇರವಾಗಿ ವೈಡ್ ಗ್ಯಾಮಟ್ ಮಾನಿಟರಿಗೆ ಎಸೆದರೆ ಅದು ತನ್ನ ಗಾಢ ಕೆಂಪನ್ನು ತೋರಿಸುತ್ತದೆ. ಪ್ರೊಫೈಲ್ ನೋಡುವ ಆಪ್ ಲೆಕ್ಕ ಹಾಕಿ ತಗ್ಗಿಸಿ ಕಳಿಸುತ್ತದೆ. ಅದಕ್ಕೇ ಎರಡು ಆಪ್‌ನಲ್ಲಿ ಎರಡು ಬಣ್ಣ.

ಬರೀ ವೆಬ್ಬು, ಮೇಲು, ವಿಡಿಯೋ ಸಾಕು ಅನ್ನುವವರು ಮಾನಿಟರ್ ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಹಾಕಿಕೊಂಡು ಸುಮ್ನೆ ಇದ್ದುಬಿಡಿ. ಕೆಲವು ಮಾನಿಟರ್‌ಗಳಲ್ಲಿ ಈ ಮೋಡ್ ಹಾಕಿದರೆ ಬ್ರೈಟ್‌ನೆಸ್ಸಿಗೆ ಬೀಗ ಬೀಳುತ್ತದೆ, ಅದೊಂದು ಕಿರಿಕಿರಿ. ಪೂರ್ತಿ ಗ್ಯಾಮಟ್ ಬೇಕು ಅನ್ನುವವರಿಗೆ ಸರಿಯಾದ ಪ್ರೊಫೈಲ್ ಮತ್ತು ಪ್ರೊಫೈಲ್ ಓದುವ ಆಪ್ ಎರಡೂ ಬೇಕೇ ಬೇಕು. ಯಾವುದೋ ಸೈಟಿನಿಂದ ಇಳಿಸಿದ, ಬೇರೆಯವರ ಮಾನಿಟರ್ ಅಳೆದು ಮಾಡಿದ ಪ್ರೊಫೈಲ್ ಹಾಕಬೇಡಿ. ಒಂದೇ ಮಾಡೆಲ್ ಆದರೂ ಪ್ಯಾನೆಲ್ಲಿಂದ ಪ್ಯಾನೆಲ್ಲಿಗೆ ವ್ಯತ್ಯಾಸ ಇರುತ್ತದೆ. ಬೇರೆಯವರ ಕನ್ನಡಕ ಹಾಕಿಕೊಂಡ ಹಾಗೆ ಆಗುತ್ತದೆ.

ಪರದೆಯಲ್ಲಿ ಚೆನ್ನ, ಪ್ರಿಂಟ್ ಮಾತ್ರ ಕಪ್ಪು

ಪ್ರಿಂಟರನ್ನು ಬೈಯುವ ಮುಂಚೆ ಬ್ರೈಟ್‌ನೆಸ್ ಇಳಿಸಿ. ಪೂರ್ತಿ ಬ್ರೈಟ್‌ನೆಸ್ಸಿನಲ್ಲಿ ಮಾನಿಟರ್ 300 ನಿಟ್ಸ್ (ಪರದೆಯ ಬೆಳಕಿನ ಅಳತೆ) ದಾಟುವುದು ಮಾಮೂಲು. ಫೋಟೋ ಕೆಲಸಕ್ಕೆ 100ರಿಂದ 120 ಸಾಕು. 300ರ ಬೆಳಕಿನ ಪರದೆಯಲ್ಲಿ ತಿದ್ದಿದವರು ಫೋಟೋವನ್ನು ತಾವೇ ಕತ್ತಲೆ ಮಾಡಿರುತ್ತಾರೆ. ಮೀಟರ್ ಇಲ್ಲದಿದ್ದರೆ, ಕೆಲಸ ಮಾಡುವ ಬೆಳಕಿನಲ್ಲಿ ಒಂದು ಬಿಳಿ ಹಾಳೆಯನ್ನು ಪರದೆ ಪಕ್ಕ ಹಿಡಿದು, ಪರದೆಯ ಬಿಳಿ ಅದಕ್ಕಿಂತ ದೀಪದ ಹಾಗೆ ಹೊಳೆಯದಷ್ಟು ಇಳಿಸಿ. ಹೊಳಪನ್ನು ಮಾತ್ರ ಹೋಲಿಸಿ, ಬಣ್ಣವನ್ನಲ್ಲ. ಹಾಳೆಯ ಬಣ್ಣ ಕೋಣೆಯ ದೀಪದ್ದು.

ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿಗಳು

ಮೊದಲು ಬೇರೆ ಚಿತ್ರ ನೋಡಿ. ಜಾಸ್ತಿ ಒತ್ತಿ ಚಿಕ್ಕದು ಮಾಡಿದ ಜೆಪೆಗ್ ಆಗಿದ್ದರೆ ಪಟ್ಟಿ ಫೈಲಿನಲ್ಲೇ ಇರುತ್ತದೆ. ಕಪ್ಪಿನಿಂದ ಬಿಳಿಗೆ ಹೋಗುವ ಗ್ರೇಡಿಯಂಟನ್ನು ಹೊಸದಾಗಿ ನೀವೇ ಮಾಡಿ ನೋಡಿ. ಅದರಲ್ಲೂ ಪಟ್ಟಿ ಕಂಡರೆ ಈಗಿನ ಪ್ರೊಫೈಲ್ ತೆಗೆದು ನೋಡಿ. ಪಟ್ಟಿ ಹೋಯಿತಾ? ಹಾಗಾದರೆ ಕ್ಯಾಲಿಬ್ರೇಶನ್ ತಿದ್ದುವಿಕೆ ವಿಪರೀತ ಆಗಿದೆ. 8 ಬಿಟ್‌ನಲ್ಲಿ ಒಂದು ಬಣ್ಣಕ್ಕೆ ಇರುವುದೇ 256 ಮೆಟ್ಟಿಲು. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಎಳೆದಾಡಿದಷ್ಟೂ ಮೆಟ್ಟಿಲು ಕಡಿಮೆ ಆಗುತ್ತವೆ. ಹಾಗಾಗಿ ಬಿಳಿ ಬಣ್ಣವನ್ನು ಮಾನಿಟರ್ ಗುಂಡಿಗಳಲ್ಲೇ ಆದಷ್ಟು ಹತ್ತಿರ ತಂದು, ಸಾಫ್ಟ್‌ವೇರಿಗೆ ಕೊನೆಯ ಚೂರು ಮಾತ್ರ ಬಿಡಿ.

ಎಲ್ಲ ನೋಡಿ ಆಯಿತು, ಈಗ ಮೀಟರ್

ಕಣ್ಣಿನ ಅಳತೆಯಲ್ಲಿ ಗಾಮಾ, ಬ್ರೈಟ್‌ನೆಸ್ ಹೊಂದಿಸಬಹುದು. ಬಿಳಿಯನ್ನು ಆಗುವುದಿಲ್ಲ, ಕಣ್ಣು ಒಗ್ಗುವ ಕಥೆ ಮೇಲೆ ಹೇಳಿದೆನಲ್ಲ. ಅದಕ್ಕೆ ಪರದೆಯ ಬಣ್ಣ ಅಳೆಯುವ ಮೀಟರ್, ಅಂದರೆ ಕಲರಿಮೀಟರ್ ಬೇಕು. ಕೊಳ್ಳಲೇಬೇಕು ಅಂತಿಲ್ಲ, ಬಾಡಿಗೆಗೋ ಗೆಳೆಯರಿಂದಲೋ ಸಿಕ್ಕರೆ ಒಂದು ಸಂಜೆಗೆ ಸಾಕು. ಆರ್ಗಿಲ್ ಸಿಎಂಎಸ್, ಅದರ ಮೇಲೆ ಕೂತಿರುವ ಡಿಸ್‌ಪ್ಲೇಕ್ಯಾಲ್ ಎಂಬ ಅಳೆಯುವ ಸಾಫ್ಟ್‌ವೇರ್ ಎರಡೂ ಉಚಿತ.

ಮಾನಿಟರ್ ಕನಿಷ್ಠ ಅರ್ಧ ಗಂಟೆ ಓಡಿ ಬಿಸಿಯಾಗಿರಲಿ. ಡೈನಾಮಿಕ್ ಕಾಂಟ್ರಾಸ್ಟ್, ಇಕೋ ಮೋಡ್, ಬೆಳಕು ನೋಡಿ ಬ್ರೈಟ್‌ನೆಸ್ ಬದಲಿಸುವ ಸೆನ್ಸರ್, ಸ್ಕ್ರೀನ್‌ಸೇವರ್ ಎಲ್ಲ ಆಫ್. ಪರದೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಮೀಟರ್ ತನ್ನ ಭಾರಕ್ಕೇ ಒರಗುವ ಹಾಗೆ ತೂಗುಬಿಡಿ. ಒತ್ತಿ ಹಿಡಿಯಬೇಡಿ, ಪ್ಯಾನೆಲ್ಲಿಗೂ ಒಳ್ಳೆಯದಲ್ಲ, ಅಳತೆಯೂ ಕೆಡುತ್ತದೆ. ಗುರಿ ಡಿ65, ಗಾಮಾ 2.2, 120 ನಿಟ್ಸ್. ಕೊನೆಯಲ್ಲಿ ಡೆಲ್ಟಾ ಇ ಎಂಬ ಅಂಕಿ ಬರುತ್ತದೆ, ಇರಬೇಕಾದ ಬಣ್ಣಕ್ಕೂ ಕಾಣುವ ಬಣ್ಣಕ್ಕೂ ಇರುವ ಅಂತರ ಅದು. ಸರಾಸರಿ 2ಕ್ಕಿಂತ ಕಡಿಮೆ ಇದ್ದರೆ ನೆಮ್ಮದಿಯಾಗಿ ಕೆಲಸಕ್ಕೆ ಹೋಗಿ. ಅದನ್ನು 0.5ಕ್ಕೆ ಇಳಿಸಲು ರಾತ್ರಿಯೆಲ್ಲ ಕೂತವರನ್ನು ನೋಡಿದ್ದೇನೆ, ಫೋಟೋ ತಿದ್ದಿದ್ದು ನೋಡಿಲ್ಲ.

ಮೀಟರ್ ಇಟ್ಟ ಮೇಲೂ ಬಿಳಿ ಹಸಿರಾಗಿಯೋ ಗುಲಾಬಿಯಾಗಿಯೋ ಕಂಡರೆ ಸಾಫ್ಟ್‌ವೇರಿನಲ್ಲಿ ಮಾನಿಟರ್ ಬಗೆ ತಪ್ಪಾಗಿ ಆರಿಸಿರಬಹುದು. ಕಲರಿಮೀಟರ್ ಒಳಗಿನ ಫಿಲ್ಟರ್‌ಗಳು ಕಣ್ಣಿನ ಹಾಗೆಯೇ ಬೆಳಕನ್ನು ನೋಡುವುದಿಲ್ಲ. ಬಿಳಿ ಎಲ್‌ಇಡಿ, ವೈಡ್ ಗ್ಯಾಮಟ್ ಎಲ್‌ಇಡಿ, ಒಎಲ್‌ಇಡಿ ಒಂದೊಂದಕ್ಕೂ ಬೇರೆ ತಿದ್ದುಪಡಿ ಬೇಕು. ಬಗೆ ಸರಿ ಮಾಡಿ ಮತ್ತೆ ಅಳೆಯಿರಿ. ಬೇರೆ ಬಗೆಯ ಎರಡು ಮಾನಿಟರ್ ಪಕ್ಕ ಪಕ್ಕ ಇದ್ದರೆ, ಎರಡೂ ಅಳತೆಯಲ್ಲಿ ಸರಿ ಬಂದರೂ ಬಿಳಿ ಬೇರೆ ಬೇರೆ ಕಾಣಬಹುದು. ಆಗ ಒಂದನ್ನು ಬಣ್ಣಕ್ಕೆ ಇಟ್ಟುಕೊಂಡು ಇನ್ನೊಂದನ್ನು ಕಣ್ಣಲ್ಲೇ ಅದಕ್ಕೆ ಹೊಂದಿಸುವುದು ಜಾಣತನ.

ಸ್ಲೀಪ್‌ನಿಂದ ಎದ್ದ ಮೇಲೆ ಅಥವಾ ಗೇಮ್ ಆಡಿದ ಮೇಲೆ ಬಣ್ಣ ಮತ್ತೆ ಹಳೆಯದಕ್ಕೆ ಹೋದರೆ, ಗ್ರಾಫಿಕ್ಸ್ ಕಾರ್ಡಿಗೆ ತುಂಬಿದ ತಿದ್ದುಪಡಿ ಅಳಿಸಿಹೋಗಿದೆ. ಅದನ್ನು ಮತ್ತೆ ತುಂಬುವ ಪ್ರೊಫೈಲ್ ಲೋಡರ್ ಓಡುತ್ತಿದೆಯಾ ನೋಡಿ. ಒಂದೇ ಕೆಲಸಕ್ಕೆ ಎರಡು ಲೋಡರ್ ಇದ್ದರೆ ಒಂದನ್ನು ತೆಗೆಯಿರಿ, ಅವು ಕಿತ್ತಾಡುತ್ತವೆ.

ನಿಮಗೊಂದು ಥರ, ಪಕ್ಕದವರಿಗೊಂದು ಥರ

ಮೀಟರ್ ಸರಿ ಅಂದರೂ ಇಬ್ಬರಿಗೆ ಒಪ್ಪಿಗೆ ಆಗದಿದ್ದರೆ ಕಣ್ಣನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೆಂಪು ಹಸಿರು ಸರಿಯಾಗಿ ಗುರುತಿಸಲಾಗದ ತೊಂದರೆ ಗಂಡಸರಲ್ಲಿ ಹೆಂಗಸರಿಗಿಂತ ತುಂಬಾ ಜಾಸ್ತಿ, ಎಷ್ಟೋ ಜನಕ್ಕೆ ತಮಗಿದೆ ಅಂತಲೇ ಗೊತ್ತಿರುವುದಿಲ್ಲ. ವಯಸ್ಸಾದ ಮೇಲೆ ಪೊರೆ ಬಂದರೆ ನೀಲಿ ಮಂಕಾಗುತ್ತದೆ. ಬಣ್ಣ ಕಾಣುವುದು ಇದ್ದಕ್ಕಿದ್ದಂತೆ ಬದಲಾಯಿತು, ಅದೂ ಒಂದೇ ಕಣ್ಣಿನಲ್ಲಿ ಅಂದರೆ, ಮಾನಿಟರ್ ಬಿಟ್ಟು ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಇಲ್ಲಿಗೆ ಕೈ ಬಿಡಿ

ಒಂದು ಮೂಲೆ ಮಾತ್ರ ಹಳದಿ, ನಡುವೆ ಉದ್ದ ಗೆರೆ, ಬೆಳಕು ಮಿಣುಕುವುದು, ಒಎಲ್‌ಇಡಿಯಲ್ಲಿ ಹಳೆಯ ಚಿತ್ರದ ಅಚ್ಚು ಉಳಿದಿರುವುದು, ಇವು ಪ್ಯಾನೆಲ್ ಅಥವಾ ಹಿಂಬೆಳಕಿನ ದೋಷ. ಪ್ರೊಫೈಲ್ ಇಡೀ ಪರದೆಗೆ ಒಂದೇ ಲೆಕ್ಕ ಹಾಕುತ್ತದೆ, ಮೂಲೆಯನ್ನು ಬೇರೆ ತಿದ್ದಲು ಅದಕ್ಕೆ ಬರುವುದಿಲ್ಲ.

ಮಾನಿಟರ್ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಹಳೆಯ ಟ್ಯೂಬ್ ಬೆಳಕಿನ ಮಾನಿಟರ್‌ಗಳಲ್ಲಿ ನೂರಾರು ವೋಲ್ಟ್ ಓಡುತ್ತದೆ, ಟ್ಯೂಬಿನಲ್ಲಿ ಪಾದರಸವೂ ಇರುತ್ತದೆ. ಸುಟ್ಟ ವಾಸನೆ, ಚಟಪಟ ಸದ್ದು ಬಂದರೆ ತಕ್ಷಣ ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಪರದೆ ಒಡೆದು ದ್ರವ ಬಂದರೆ ಬರಿಗೈಯಲ್ಲಿ ಮುಟ್ಟಬೇಡಿ. ಒರೆಸುವಾಗ ಆಫ್ ಮಾಡಿ, ಮೆತ್ತನೆ ಬಟ್ಟೆಗೆ ಒಂದಿಷ್ಟು ನೀರು ಹಾಕಿಕೊಂಡು ಒರೆಸಿ. ಪರದೆಗೆ ನೇರವಾಗಿ ಸ್ಪ್ರೇ ಮಾಡಬೇಡಿ, ಅಮೋನಿಯಾ ಅಥವಾ ಅಸಿಟೋನ್ ಇರುವ ಕ್ಲೀನರ್ ಮೇಲಿನ ಲೇಪವನ್ನೇ ತಿಂದುಹಾಕುತ್ತದೆ.

ರಿಪೇರಿಗೆ ಕೊಡುವ ಮುಂಚೆ ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಎರಡರಲ್ಲೂ ಹಾಕಿ ನೋಡಿ, ಮಾನಿಟರ್ ಮೆನುವಿನ ಬಿಳಿ ಹೇಗಿತ್ತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಪೂರ್ತಿ ಬೂದು ಪರದೆಯನ್ನು ತೋರಿಸುತ್ತಾ ಕಲೆ ಇರುವ ಜಾಗದ ಫೋಟೋ ತೆಗೆಯಿರಿ. ಬಿಳಿ ಬಿಳಿಯಾಗಿದೆಯಾ ಅನ್ನುವುದಕ್ಕೆ ಫೋಟೋ ಬರುವುದಿಲ್ಲ ನಿಜ, ಆದರೆ ಒಂದು ಮೂಲೆ ಇನ್ನೊಂದರ ಹಾಗಿಲ್ಲ ಅಂತ ತೋರಿಸಲು ಅಷ್ಟು ಸಾಕು.